ಯಂಕವ್ವನ ಕರಡಿಗೆ

ಬೇಲದಕೊಪ್ಪ, ತಾಲೂಕು ಕಲಘಟಗಿ
೧೨ ಜುಲೈ ೧೯೭೧

ಶಾರದವ್ವಗೆ,

ಕ್ಷೇಮ ಎಂದು ಬರೆದು ಸುರು ಮಾಡುವುದು ಪದ್ಧತಿ. ಎರಡು ವರ್ಷ ಒಂದು ಸಾಲೂ ಬರೆಯದ ತಾಯಿ ಒಮ್ಮೆಲೇ ಕ್ಷೇಮ ಎಂದರೆ ನಿನಗೆ ಚೇಷ್ಟೆ ಅನಿಸಬಹುದು. ಬದುಕಿದ್ದೇನೆ. ಎಡಗಡೆಯ ಮೊಣಕಾಲು ಮಾತು ಕೇಳುವುದಿಲ್ಲ, ಉಳಿದದ್ದೆಲ್ಲ ಕೇಳುತ್ತದೆ.

ನಿನ್ನ ಮಗಳ ಅಳತೆ ಬೇಕಾಗಿತ್ತು, ಅದಕ್ಕೆ ಬರೆದೆ. ಎದೆಯ ಸುತ್ತು ಎಷ್ಟು, ತೋಳು ಎಷ್ಟು ಉದ್ದ. ಒಂದು ಸ್ವೆಟರ್ ಆಗುವುದಿದೆ. ಯಾರು ಹೆಣೆಯುತ್ತಾರೆ ಎಂದು ಕೇಳುತ್ತೀ, ಅದನ್ನೂ ಹೇಳುತ್ತೇನೆ.

ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೂರನೆಯ ದಿನ ಸಂಜೆಯ ಬಸ್ಸಿನಿಂದ ಒಬ್ಬ ಹೆಂಗಸು ಇಳಿದು ನಮ್ಮ ಕಟ್ಟೆಯ ಮೇಲೆ ಕುಳಿತಳು. ಪಾದದ ತನಕ ಇಳಿದ ಕಪ್ಪು ನಿಲುವಂಗಿ, ಬೆನ್ನಿಗೆ ಒಂದು ಗಂಟು. ಬಸ್ಸು ಹೋಯಿತು, ಅವಳು ಏಳಲಿಲ್ಲ. ಬಾಜು ಮನೆಯ ಮಾಬುಬಿ ಬಂದು ಹಣೆ ಮುಟ್ಟಿ ನೋಡಿ, "ಅಕ್ಕಾ, ಈಕಿ ಮೈ ಹಂಚಿನಂಗ ಕಾದೈತಿ. ಮುಂಡಗೋಡ ಕ್ಯಾಂಪಿನಾಕಿ ಇದ್ದಂಗ ಕಾಣ್ತಾಳ," ಎಂದಳು. ಚೀನಾದವರು ನಾಡು ತೆಗೆದುಕೊಂಡ ಮೇಲೆ ಗುಡ್ಡ ದಾಟಿ ಓಡಿ ಬಂದ ಟಿಬೆಟ್ಟಿನವರಿಗೆ ಸರಕಾರ ಮುಂಡಗೋಡದ ಕಾಡಿನಲ್ಲಿ ಜಾಗ ಕೊಟ್ಟಿತಲ್ಲ, ಆ ಕ್ಯಾಂಪು.

ನನ್ನ ನೇಮ ನಿನಗೆ ಗೊತ್ತು, ಲಿಂಗವಿಲ್ಲದವರು ಒಳಗೆ ಬರುವಂತಿಲ್ಲ. ಕಟ್ಟೆಯ ಮೇಲೆಯೇ ನೀರು ಕೊಟ್ಟು ಕಳಿಸುವವಳಿದ್ದೆ. ಆದರೆ ನೀರು ಕುಡಿಯಲು ತಲೆ ಎತ್ತಿದಾಗ ಅವಳ ಕೊರಳು ಕಂಡಿತು. ಬೆಳ್ಳಿಯ ಕರಡಿಗೆ. ನಾವು ಲಿಂಗ ಇಟ್ಟು ಕಟ್ಟಿಕೊಳ್ಳುವುದರ ಹಾಗೆ ದುಂಡಗಿಲ್ಲ, ಚೌಕ. ಆದರೆ ದಾರದಲ್ಲಿ ಕಟ್ಟಿ ಎದೆಯ ಮೇಲೆ ಬಿಟ್ಟದ್ದು, ಮುಚ್ಚಳವಿದ್ದದ್ದು, ಜ್ವರದಲ್ಲಿಯೂ ಒಂದು ಕೈ ಅದರ ಮೇಲೆಯೇ. ಲಿಂಗವಿಲ್ಲದವರು ಕರಡಿಗೆ ಯಾಕೆ ಕಟ್ಟಿಕೊಂಡಾರು? ಕೈಲಾಸ ಇರುವುದೂ ಅವರ ಸೀಮೆಯಲ್ಲೇ ಎಂದು ಮಠದ ಅಯ್ಯನವರು ಪುರಾಣದಲ್ಲಿ ಹೇಳಿದ್ದರು. ಶಿವನ ಬಾಗಿಲ ಮುಂದಿನವರು ನಮ್ಮವರಲ್ಲದೆ ಇನ್ನಾರು ಎಂದುಕೊಂಡೆ. ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಮಲಗಿಸಿದೆ.

ಮರುದಿನ ನಿನ್ನ ಈರಬಸಪ್ಪ ಕಾಕಾ ಚಕ್ಕಡಿ ಕಟ್ಟಿ ಕಲಘಟಗಿಯ ಡಾಕ್ಟರರಿಗೆ ತೋರಿಸಿಕೊಂಡು ಬಂದ. ಈಗ ಜ್ವರವಿಲ್ಲ. ಅವಳ ಹೆಸರು ಯಾಂಗ್‌ಕ್ಯಿ. ಅದು ಊರಿನ ಬಾಯಿಗೆ ಬರಲಿಲ್ಲ, ಯಂಕವ್ವ ಎಂದಾಗಿದೆ. ಹರಕುಮುರುಕು ಹಿಂದುಸ್ತಾನಿ ಬರುತ್ತದೆ, ಮಾಬುಬಿ ಅದನ್ನು ನನಗೆ ಕನ್ನಡ ಮಾಡಿ ಹೇಳುತ್ತಾಳೆ. ಉತ್ತರದ ಗುಡ್ಡಗಳಲ್ಲಿ ರಸ್ತೆಯ ಕಲ್ಲು ಒಡೆಯುತ್ತಿದ್ದಳಂತೆ. ಕಲ್ಲು ಉರುಳಿ ಗಂಡ ಹೋದ. ಕ್ಯಾಂಪಿಗೆ ತಡವಾಗಿ ಬಂದದ್ದರಿಂದ ಮನೆ ಹಂಚಿದ ಪಟ್ಟಿಯಲ್ಲಿ ಹೆಸರಿಲ್ಲ. ಮುಂದಿನ ಪಟ್ಟಿಯಾಗುವ ತನಕ ಸ್ವೆಟರ್ ಹೆಣೆದು ಸಂತೆಯಿಂದ ಸಂತೆಗೆ ತಿರುಗುತ್ತಾಳೆ.

ಮೊನ್ನೆ ಕೈಸನ್ನೆಯಲ್ಲಿ ನನಗೆ ಮಕ್ಕಳೆಷ್ಟು ಎಂದು ಕೇಳಿದಳು. ಒಂದು ಬೆರಳು ತೋರಿಸಿದೆ. ಎಲ್ಲಿ ಎಂದಳು. ನನಗೆ ತಿಳಿಯುವ ಮೊದಲೇ ಕೈ ನೀನಿರುವ ಅಳ್ನಾವರದ ದಿಕ್ಕಿಗೆ ಹೋಗಿತ್ತು. ಮೊಮ್ಮಗಳಿದ್ದಾಳೆ ಎಂದು ಮಾಬುಬಿ ಹೇಳಿಬಿಟ್ಟಳು. ಆವತ್ತೇ ಕೆಂಪು ಉಣ್ಣೆ ತೆಗೆದು ಕುಳಿತಿದ್ದಾಳೆ. ಮಗು ಎಷ್ಟು ದೊಡ್ಡದು ಎಂದು ದಿನಾ ಕೇಳುತ್ತಾಳೆ. ನಾನು ನೋಡಿದಾಗ ಅದು ಹನ್ನೊಂದು ದಿನದ್ದು.

ಅಳತೆ ಕಳಿಸು.

ನಿನ್ನ ಅವ್ವ
ಶಿವಗಂಗವ್ವ

*

ಬೇಲದಕೊಪ್ಪ
೯ ಆಗಸ್ಟ್ ೧೯೭೧, ಶ್ರಾವಣ ಸೋಮವಾರ

ಶಾರದವ್ವಗೆ,

ನಿನ್ನಿಂದ ಕಾಗದವಿಲ್ಲ. ಬರಲೇಬೇಕು ಎಂದು ಹೇಳುವ ಹಕ್ಕು ನನಗಿಲ್ಲ, ಆದರೂ ಟಪಾಲಿನ ತಿರಕಪ್ಪ ಸೈಕಲ್ ಮೇಲೆ ಬರುವಾಗ ಬಾಗಿಲಿಗೆ ಬರುತ್ತೇನೆ. ಅವನೂ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ.

ಪಂಚಮಿಯಾಯಿತು. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿದ್ದರು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಮೂರು ವರ್ಷ ನಾನು ಪಂಚಮಿಗೆ ಉಂಡಿ ಕಟ್ಟಿರಲಿಲ್ಲ, ಈ ಸಲ ಕಟ್ಟಿದೆ. ಯಂಕವ್ವ ಶೇಂಗಾದ ಉಂಡಿಯನ್ನು ಕೈಯಲ್ಲಿ ಹಿಡಿದು ನೋಡಿ, ಮೊದಲು ಹಣೆಗೆ ಒತ್ತಿಕೊಂಡು ಆಮೇಲೆ ತಿಂದಳು. ನಿನಗೆ ಸೇರುವ ಎಳ್ಳಿನ ಉಂಡಿ ಡಬ್ಬಿಯಲ್ಲಿ ಹಾಗೇ ಇವೆ.

ಈಗ ಊರಿನಲ್ಲಿ ಒಂದು ಮಾತು ಎದ್ದಿದೆ. ದನ ಮೇಯುವ ನಮ್ಮ ಗಾಯರಾಣದ ಆಚೆ ಕಾಡಿನ ಅಂಚಿಗೆ ಯಾರೋ ಬಂದು ಸರಪಳಿ ಹಿಡಿದು ಅಳೆದು ಹೋದರಂತೆ. ಕ್ಯಾಂಪು ಬೆಳೆಸುತ್ತಾರೆ, ಬೇಲದಕೊಪ್ಪದ ತನಕ ಬರುತ್ತದೆ ಎಂದು ಸುದ್ದಿ. ಆ ಸಿಟ್ಟು ನಮ್ಮ ಪಡಸಾಲೆಗೆ ಬಂದಿತು. ಶನಿವಾರ ಈರಬಸಪ್ಪ, ಲಕ್ಕುಂಡಿ ಮಡಿವಾಳೆಪ್ಪ, ಇನ್ನಿಬ್ಬರು ಬಂದು ಕುಳಿತರು.

"ವೈನಿ, ಜ್ವರಾ ಇದ್ದಾಗ ನಾನ ಚಕ್ಕಡಿ ಕಟ್ಟೀನಿ. ಈಗ ಆಕಿ ಅಗದಿ ಆರಾಮ ಅದಾಳ. ಕಳಸೂದು ಯಾವಾಗ?" ಎಂದ ಈರಬಸಪ್ಪ.

"ಪಟ್ಟಿ ಆಗೂತನಾ ಇರ್ತಾಳ," ಎಂದೆ.

"ಪಟ್ಟಿ ಸರಕಾರದ್ದು. ಅದು ಆಗೂದ್ರಾಗ ನೀನೂ ಇರೂದಿಲ್ಲ, ನಾನೂ ಇರೂದಿಲ್ಲ. ಇವತ್ತ ಒಬ್ಬಾಕಿ ಬಂದಾಳ. ನಾಳೆ ಆಕಿ ಅಣ್ಣ, ನಾಡಿದ್ದ ಅವನ ಹೇಂತಿ. ಪಾಪ ಕಷ್ಟದಾಗ ಅದಾರ, ಖರೆ. ನಮ್ಮ ದನಾ ಎಲ್ಲಿ ಮೇಯಬೇಕು ಅದನ್ನೊಂದು ಹೇಳು."

ಅವನು ಹೇಳಿದ್ದು ಸುಳ್ಳಲ್ಲ.

ಮಡಿವಾಳೆಪ್ಪ, "ಅವರು ಏನೇನು ತಿಂತಾರೋ ಏನೋ," ಎಂದ. ಗೋಡೆಯ ಆಚೆ ಬಟ್ಟೆ ಒಣಗಿಸುತ್ತಿದ್ದ ಮಾಬುಬಿ ಇಣುಕಿ, "ನಾವೂ ತಿಂತೀವಿ ಮಡಿವಾಳೆಪ್ಪಣ್ಣ. ನಮ್ಮಜ್ಜನ ಅಜ್ಜನ ಕಾಲದಿಂದ ನಿಮ್ಮ ಬಾಜೂಕ ಅದೀವಿ. ಇನ್ನೂ ನಿಮಗ ವಾಸನಿ ಹತ್ತಿಲ್ಲೇನು?" ಎಂದಳು. ಎಲ್ಲರೂ ನಕ್ಕರು. ಮಡಿವಾಳೆಪ್ಪನೂ ನಕ್ಕ.

ಆಗ ನಾನು ಹೇಳಿದೆ, "ಆಕಿ ಕೊರಳಾಗ ಲಿಂಗ ಐತಿ. ಕರಡಿಗಿ ನೋಡ್ರಿ. ಅದಕ್ಕ ಒಳಗ ಬಿಟ್ಟೀನಿ." ಯಂಕವ್ವ ನಮ್ಮೆಲ್ಲರನ್ನೂ ನೋಡಿ ಎದೆಯ ಮೇಲಿನ ಡಬ್ಬಿಯನ್ನು ಮುಟ್ಟಿಕೊಂಡಳು. ಅಷ್ಟಕ್ಕೆ ಮಾತು ಇಳಿಯಿತು. "ಲಿಂಗವಂತರಾದ್ರ ಬ್ಯಾರೆ ಮಾತು. ಇರಲಿ," ಎಂದು ಎದ್ದರು.

ಅವಳು ಇದ್ದರೆ ಮನೆಯಲ್ಲಿ ಇನ್ನೊಂದು ಉಸಿರು ಕೇಳಿಸುತ್ತದೆ. ಇಷ್ಟೇ ನನಗೆ ಬೇಕಾದದ್ದು.

ಸ್ವೆಟರಿನ ಅಂಚು ನಾಲ್ಕು ಬೆರಳಾಗಿದೆ. ಅಳತೆ ಇಲ್ಲದೆ ಮುಂದೆ ಹೋಗುವುದಿಲ್ಲ.

ಅವ್ವ

*

ರೇಲ್ವೆ ವಸತಿ, ಅಳ್ನಾವರ
೨ ಸೆಪ್ಟೆಂಬರ್ ೧೯೭೧

ಅವ್ವನಿಗೆ,

ಎರಡೂ ಕಾಗದ ಮುಟ್ಟಿವೆ.

ಇದರೊಳಗೆ ಒಂದು ದಾರ ಮಡಚಿ ಇಟ್ಟಿದ್ದೇನೆ. ತುದಿಯಿಂದ ಮೊದಲ ಗಂಟಿನ ತನಕ ಎದೆಯ ಸುತ್ತು. ಅಲ್ಲಿಂದ ಎರಡನೆಯ ಗಂಟಿನ ತನಕ ತೋಳು. ಅವಳ ಹೆಸರು ನೀಲವ್ವ. ನೀನು ಹನ್ನೊಂದನೆಯ ದಿನ ಬಂದಿದ್ದೆ, ತೊಟ್ಟಿಲಿಗೆ ಹಾಕಿದ್ದು ಹದಿಮೂರನೆಯ ದಿನ. ನಿನ್ನ ಕಾಗದದಲ್ಲಿ ಅವಳು ಬರಿಯ ಮಗು ಆಗಿದ್ದಾಳೆ. ಹೆಸರು ಕೇಳಿದ್ದರೆ ಹೇಳುತ್ತಿದ್ದೆ.

ಆವತ್ತಿನದು ನಿನಗೆ ನೆನಪಿದೆಯೋ ಇಲ್ಲವೋ. ನಾನು ಬಾಣಂತಿ. ಇವರು ಅಂಗಡಿಗೆ ಹೋಗಿ ಹೊಸ ತಾಟು ತಂದಿದ್ದರು, ನೀನು ನಮ್ಮ ತಾಟಿನಲ್ಲಿ ಉಣ್ಣಲಿಕ್ಕಿಲ್ಲ ಎಂದು. ನೀನು ಹೊಸ್ತಿಲ ಹೊರಗೆ ನಿಂತು ಕೂಸನ್ನು ನೋಡಿದೆ. "ಉಂಡು ಬಂದೀನಿ," ಎಂದೆ. ನೀರು ಸಹ ಬೇಡವೆಂದು ಹೋದೆ. ಇವರು ಡ್ಯೂಟಿಯ ಮೇಲೆ ಸ್ಟೇಷನ್ನಿಗೆ ಹೋದಾಗ ನೀನು ಕೊನೆಯ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕುಳಿತು ಬುತ್ತಿ ಬಿಚ್ಚಿ ಉಣ್ಣುತ್ತಿದ್ದೆಯಂತೆ. ಸುಳ್ಳು ಹೇಳದವಳು ನನ್ನ ಅವ್ವ ಎಂದು ನಾನು ಇವರಿಗೆ ಹೇಳಿಕೊಂಡಿದ್ದೆ.

ಮದುವೆಯಾಗಿ ನಾಲ್ಕು ವರ್ಷ. ಮಠದಲ್ಲಿ ಹಿರಿಯರು ಕೇಳಿದಾಗ, "ಲಿಂಗ ಇಲ್ಲದವನ ಕೈ ಹಿಡಿದು ಹೋಗ್ಯಾಳ, ನನ್ನ ಹೊಸ್ತಿಲ ಆಕಿಗಿಲ್ಲ," ಎಂದು ನೀನೇ ಹೇಳಿದೆಯಂತೆ. ಅದು ನನಗೆ ಮಾಬುಬಿ ಚಿಗವ್ವನಿಂದ ಗೊತ್ತಾಯಿತು.

ಯಾರೋ ದೂರದ ಹೆಣ್ಣುಮಗಳನ್ನು ಅಡುಗೆಮನೆಯಲ್ಲಿ ಮಲಗಿಸಿದ್ದೀ. ಒಳ್ಳೆಯದೇ. ಅವಳ ಕೊರಳನ್ನು ಅಷ್ಟು ಲಕ್ಷ್ಯ ಕೊಟ್ಟು ನೋಡಿದೆ.

ಎಳ್ಳಿನ ಉಂಡಿ ಈ ಹೊತ್ತಿಗೆ ಕೆಟ್ಟಿರಬೇಕು. ಆ ಹೆಣ್ಣುಮಗಳಿಗೇ ಕೊಡಬೇಕಾಗಿತ್ತು.

ಶಾರದಾ

*

ಬೇಲದಕೊಪ್ಪ
೩ ಅಕ್ಟೋಬರ್ ೧೯೭೧

ಶಾರದವ್ವಗೆ,

ನೀನು ಬರೆದದ್ದೆಲ್ಲ ಹಾಗೇ ಆದದ್ದು. ಆವತ್ತು ನಾನು ಆಡಿದ್ದು ಸುಳ್ಳು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ, ನಾಲ್ಕನೆಯ ಇಯತ್ತೆಯ ಕನ್ನಡ ನನ್ನದು. ದಾರವನ್ನು ಯಂಕವ್ವನಿಗೆ ಕೊಟ್ಟೆ. ಕೊಡುವ ಮೊದಲು ಎರಡು ಗಂಟಿನ ನಡುವೆ ಹಿಡಿದು ನೋಡಿದೆ. ಇಷ್ಟುದ್ದ ಕೈ ಆಗಿದೆ ನೀಲವ್ವನಿಗೆ.

ಈಗ ಹೇಳುವುದನ್ನು ಯಾರಿಗೂ ಹೇಳಿಲ್ಲ. ಮಾಬುಬಿಗೂ ಇಲ್ಲ.

ಮುಂಜಾನೆ ನಾನು ಲಿಂಗಪೂಜೆಗೆ ಕುಳಿತಾಗ ಯಂಕವ್ವ ಬಾಜೂಕೆ ಕುಳಿತು ಮಣಿಸರ ಎಣಿಸುತ್ತ ಏನೋ ಗುಣುಗುಟ್ಟುತ್ತಾಳೆ. ಕರಡಿಗೆ ಬಿಚ್ಚುವುದನ್ನು ನಾನೆಂದೂ ನೋಡಿರಲಿಲ್ಲ. ಮಂದಿಯೆದುರು ಬಿಚ್ಚುವುದಿಲ್ಲವೇನೋ, ಅವರ ಪದ್ಧತಿ ಎಂದುಕೊಂಡಿದ್ದೆ. ಮಹಾನವಮಿಯ ದಿನ ಎರಡು ಬಟ್ಟಲಲ್ಲಿ ನೀರು, ಎರಡು ಪಾಲು ಪತ್ರಿ, ವಿಭೂತಿ ಇಟ್ಟು, "ಇವತ್ತರ ಬಿಚ್ಚು ಯಂಕವ್ವ, ಕೂಡಿ ಪೂಜಿ ಮಾಡೂಣು," ಎಂದು ಕೈಸನ್ನೆ ಮಾಡಿದೆ. ಅವಳಿಗೆ ಬಹಳ ಸಂತೋಷವಾಯಿತು. ಎರಡೂ ಕೈಯಿಂದ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

ಒಳಗೆ ಹೆಬ್ಬೆರಳಷ್ಟು ಮಣ್ಣಿನ ಒಂದು ಮೂರ್ತಿ, ಕೆಂಪು ದಾರದ ತುಣುಕು, ಒಂದು ಚಿಂದಿಯ ಗಂಟು. ಗಂಟು ಬಿಚ್ಚಿದರೆ ಚಿಟಿಕೆ ಮಣ್ಣು. ಬಿಟ್ಟು ಬಂದ ಮನೆಯ ಮುಂದಿನದು ಎಂದು ನೆಲ ತೋರಿಸಿ, ಉತ್ತರ ತೋರಿಸಿ ಹೇಳಿದಳು. ಲಿಂಗವಿಲ್ಲ ಶಾರದವ್ವ. ಲಿಂಗ ಎಂಬುದು ಏನು ಎಂದೇ ಅವಳಿಗೆ ಗೊತ್ತಿಲ್ಲ. ಈರಬಸಪ್ಪನ ಮುಂದೆ ಡಬ್ಬಿ ಮುಟ್ಟಿಕೊಂಡದ್ದು, ಅಷ್ಟು ಜನ ಒಟ್ಟಿಗೆ ಅದನ್ನೇ ನೋಡಿದ್ದಕ್ಕೆ ಹೆದರಿ.

ಮೂರು ತಿಂಗಳು ಅವಳು ನನ್ನ ಒಲೆಯ ಮುಂದೆ ಉಂಡಿದ್ದಾಳೆ. ಹಿಟ್ಟು ನಾದಿಕೊಟ್ಟಿದ್ದಾಳೆ. ಆ ರೊಟ್ಟಿ ನಾನು ಉಂಡಿದ್ದೇನೆ. ತಲೆಯ ಮೇಲೆ ನೀರು ಹಾಕಿಕೊಂಡು ಬಂದು ಒಲೆ ಸಾರಿಸಿದೆ, ಬಾಂಡೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದೆ. ಯಂಕವ್ವ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ತನ್ನ ತಾಟು, ತಂಬಿಗೆ, ಹಾಸಿಗೆ ತೆಗೆದುಕೊಂಡು ಹೋಗಿ ಪಡಸಾಲೆಯಲ್ಲಿ ಇಟ್ಟುಕೊಂಡಳು. ಆವತ್ತಿನಿಂದ ಒಳಗೆ ಬಂದಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ನೀಲವ್ವನ ಸ್ವೆಟರ್ ಹೆಣೆಯುತ್ತಾಳೆ.

ಹೋಗು ಎನ್ನಲು ಬಾಯಿ ಬರುವುದಿಲ್ಲ, ಒಳಗೆ ಬಾ ಎನ್ನಲೂ ಬರುವುದಿಲ್ಲ. ಊರಿನವರು ಕೇಳಿಲ್ಲ, ನಾನು ಹೇಳಿಲ್ಲ. ಕೇಳಿದರೆ ಏನು ಹೇಳಲಿ? ನೀನು ಶಾಣ್ಯಾಕಿ. ಹೇಳು.

ಅವ್ವ

*

ಅಳ್ನಾವರ
೧೧ ಅಕ್ಟೋಬರ್ ೧೯೭೧

ಅವ್ವ,

ಕೇಳಿದರೆ ಸುಮ್ಮನಿರು. ನನಗೇನು ಗೊತ್ತು ಎನ್ನು. ಮೊಣಕಾಲು ನೋವು ಎಂದು ಮಠಕ್ಕೇ ಹೋಗಬೇಡ. ಪಟ್ಟಿಯಾಗುವ ತನಕ ಅವರಿಗೆ ಒಂದು ಪಡಸಾಲೆ ಬೇಕು, ಅಷ್ಟೇ ಅಲ್ಲವೇ? ಮಳೆ ಇನ್ನೂ ಹೋಗಿಲ್ಲ, ಎಲ್ಲಿ ಹೋಗುತ್ತಾರೆ?

ಬೆಂಚಿನ ಮೇಲೆ ಉಣ್ಣಲು ಒಂದು ಸುಳ್ಳು ಹೇಳಿದ್ದೀ. ಒಬ್ಬರನ್ನು ಮನೆಯಲ್ಲಿ ಇಟ್ಟುಕೊಳ್ಳಲು ಇನ್ನೊಂದು ಹೇಳು.

ನಿನ್ನ ಖರೇ ಮಾತು ಒಮ್ಮೆ ನನ್ನ ಪಾಲಿಗೆ ಬಂದಿದೆ. ಅದು ಹೇಗಿರುತ್ತದೆ ಎಂದು ನನಗೆ ಗೊತ್ತಿದೆ.

ಶಾರದಾ

*

ಬೇಲದಕೊಪ್ಪ
೨೪ ನವೆಂಬರ್ ೧೯೭೧

ಶಾರದವ್ವಗೆ,

ಯಂಕವ್ವ ಹೋದಳು.

ಕಾರ್ತಿಕದ ಕೊನೆಯ ಸೋಮವಾರ ಮಠದಲ್ಲಿ ಪ್ರಸಾದವಿತ್ತು. ಅದಕ್ಕೂ ಮೊದಲು ಹಿರಿಯರು ಕೂಡಿದ್ದರು. ಕಾಡಿನ ಅಂಚಿನಲ್ಲಿ ಮತ್ತೆ ಯಾರೋ ಗೂಟ ಬಡಿದು ಹೋಗಿದ್ದರು. ಪೂರ್ವದ ಬಂಗಾಲದಿಂದ ಕೋಟಿ ಜನ ಓಡಿ ಬಂದಿದ್ದಾರೆ ಎಂದು ಪೇಪರಿನಲ್ಲಿ ಬಂದಿತ್ತು. ಅದೇ ದಿನದಿಂದ ಕಾಗದಕ್ಕೆ ನಿರಾಶ್ರಿತರ ಸಲುವಾಗಿ ಐದು ಪೈಸೆಯ ಇನ್ನೊಂದು ಚೀಟಿ ಹಚ್ಚಬೇಕು ಎಂದು ತಿರಕಪ್ಪ ಹೇಳಿದ. "ಹಚ್ಚೂಣಲ್ಲ, ಸರಕಾರಕ್ಕ ಕೊಡೂಣು. ಕೊಟ್ಟ ಮ್ಯಾಲೂ ಮನಿಯಾಗ ಯಾಕ ಇಟ್ಕೋಬೇಕು?" ಎಂದ ಮಡಿವಾಳೆಪ್ಪ. ಕೆಲವರು ನಕ್ಕರು. ಈರಬಸಪ್ಪ ನಗಲಿಲ್ಲ.

ನಾನು ಹೋಗಬಾರದಿತ್ತು, ನೀನು ಬರೆದ ಹಾಗೆ. ಆದರೆ ಮೂವತ್ತು ವರ್ಷದಲ್ಲಿ ಕಾರ್ತಿಕದ ಪ್ರಸಾದ ನಾನು ತಪ್ಪಿಸಿಲ್ಲ. ಯಂಕವ್ವ ಮಠದ ಮೆಟ್ಟಿಲ ಕೆಳಗೆ ನನ್ನ ಚಪ್ಪಲಿಯ ಬಾಜೂಕೆ ಕುಳಿತಿದ್ದಳು.

ಅಯ್ಯನವರು ಸಾವಕಾಶವಾಗಿಯೇ ಕೇಳಿದರು. "ಶಿವಗಂಗವ್ವ, ಆಕಿ ಪಡಸಾಲ್ಯಾಗ ಉಣ್ಣತಾಳಂತ, ಒಳಗ ಬಿಡೂದಿಲ್ಲಂತ. ಲಿಂಗ ಇದ್ದಾಕಿನ್ನ ಹಂಗ್ಯಾಕ ಕುಂದರ್ಸೀ? ಕರಡಿಗಿ ಒಳಗ ಏನೈತಿ?"

ಸುಮ್ಮನಿರು ಎಂದು ನೀನು ಬರೆದದ್ದು ನೆನಪಾಯಿತು. ಹಣೆಯ ಮೇಲೆ ವಿಭೂತಿ ಇತ್ತು, ಎದೆಯ ಮೇಲೆ ಲಿಂಗವಿತ್ತು. "ಲಿಂಗ ಇಲ್ಲರಿ. ಅವರೂರಿನ ಮಣ್ಣ ಐತಿ," ಎಂದೆ.

ಈರಬಸಪ್ಪ ನನ್ನನ್ನೇ ನೋಡಿದ. "ವೈನಿ, ನಿನಗ ಯಾವಾಗ ಗೊತ್ತಾತು?"

"ಮಾನೋಮಿಗೆ."

"ಒಂದೂವರಿ ತಿಂಗಳಾತು. ಗೊತ್ತಿದ್ದೂ ಇಟ್ಕೊಂಡಿ?"

"ಇಟ್ಕೊಂಡೆ."

ಯಾರೂ ಏರುದನಿಯಲ್ಲಿ ಮಾತಾಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ನಾಳೆ ಊರು ಬಿಡಬೇಕು, ಅಯ್ಯನವರ ಪಾದೋದಕ ತೆಗೆದುಕೊಂಡು ಮನೆಗೆ ಸಿಂಪಡಿಸಿದರೆ ನಾನು ಪಂಕ್ತಿಯಲ್ಲಿ ಕೂಡಬಹುದು ಎಂದಾಯಿತು. ಹೊರಗೆ ಬಂದಾಗ ಯಂಕವ್ವ ನನ್ನ ಮುಖ ನೋಡಿ ತಾನೇ ಎದ್ದಳು. ಚಪ್ಪಲಿ ತಿರುಗಿಸಿ ನನ್ನ ಕಾಲಿಗೆ ಸರಿಯಾಗಿ ಇಟ್ಟಳು.

ಮುಂಜಾನೆಯ ಬಸ್ಸಿಗೆ ಹೋದಳು. ಡಾಕ್ಟರರಲ್ಲಿಗೆ ಒಯ್ದ ಹಾಗೆಯೇ ಕ್ಯಾಂಪಿನ ತನಕ ಚಕ್ಕಡಿ ಕಟ್ಟುತ್ತೇನೆ ಎಂದು ಈರಬಸಪ್ಪನೇ ಬಂದಿದ್ದ. ಅವಳು ಕೈ ಮುಗಿದು ಬೇಡವೆಂದಳು. ಪಡಸಾಲೆಯನ್ನು ಸಾರಿಸಿ ಹೋಗಿದ್ದಾಳೆ, ತಾನು ಕುಳಿತ ಜಾಗವನ್ನು ಎರಡು ಸಲ. ಕಂಬದ ಬುಡದಲ್ಲಿ ಸ್ವೆಟರ್ ಮಡಚಿ ಇಟ್ಟಿದ್ದಳು, ಮೇಲೆ ನಿನ್ನ ದಾರ. ಒಂದು ತೋಳು ಆಗಿದೆ, ಒಂದು ಆಗಿಲ್ಲ. ಸೂಜಿ ಅದರಲ್ಲೇ ಇದೆ. ನನಗೆ ಹೆಣೆಯಲು ಬರುವುದಿಲ್ಲ.

ಪಾ‍ದೋದಕ ತಂದು ಮನೆಯೆಲ್ಲ ಸಿಂಪಡಿಸಿದೆ. ಗುರುವಾರ ಮಡಿವಾಳೆಪ್ಪನ ಮನೆಯ ಊಟಕ್ಕೆ ಪಂಕ್ತಿಯಲ್ಲಿ ಕೂಡಿಸಿದರು. ಎಲೆಯ ಮೇಲೆ ಹುಗ್ಗಿ ಬಡಿಸಿದ್ದರು. ಆ ಪಂಕ್ತಿಯಲ್ಲಿ ಇರಬೇಕೆಂದು ನಾನು ನಿನ್ನನ್ನು ಬಿಟ್ಟಿದ್ದೆ. ಈಗ ಇವಳನ್ನೂ ಬಿಟ್ಟೆ. ನನ್ನ ಎಡಕ್ಕೆ ಬಲಕ್ಕೆ ಕುಳಿತವರು ಒಬ್ಬರೂ ನನ್ನ ಕೂಡ ಮಾತಾಡುತ್ತಿರಲಿಲ್ಲ. ಎಲ್ಲರೂ ಉಣ್ಣುತ್ತಿದ್ದರು.

ನೀನು ಹೇಳು ಎಂದ ಸುಳ್ಳು ನನ್ನಿಂದ ಆಗಲಿಲ್ಲ. ಸಿಟ್ಟಾಗಬೇಡ ಎಂದು ಹೇಗೆ ಬರೆಯಲಿ?

ಅವ್ವ

*

ಅಳ್ನಾವರ ಸ್ಟೇಷನ್
೨೨ ಡಿಸೆಂಬರ್ ೧೯೭೧

ಅತ್ತೆಯವರಿಗೆ ಲಕ್ಷ್ಮಪ್ಪ ಮಾಡುವ ನಮಸ್ಕಾರ.

ನಿಮ್ಮ ಹಿಂದಿನ ಕಾಗದ ಓದಿದ ಮೇಲೆ ಶಾರದಾ ಪೆನ್ನು ಹಿಡಿದಿಲ್ಲ. ಒಲ್ಲೆ ಎನ್ನುತ್ತಾಳೆ. ಕಾಗದವನ್ನು ಹರಿಯಲೂ ಇಲ್ಲ, ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ. ಯುದ್ಧದ ಗಡಿಬಿಡಿಯಲ್ಲಿ ನನಗೆ ಹಗಲೂ ರಾತ್ರಿ ಡ್ಯೂಟಿ ಇತ್ತು. ಈಗ ಬಿಡುವಾಗಿದೆ. ಅವಳಿಗೆ ಹೇಳದೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ.

ಬೆಂಚಿನ ಮೇಲೆ ನಿಮ್ಮನ್ನು ನೋಡಿದ್ದನ್ನು ನಾನು ಅವಳಿಗೆ ಹೇಳಬಾರದಿತ್ತು. ಹೇಳಿದೆ, ಆವತ್ತು ನನಗೂ ಸಿಟ್ಟು ಬಂದಿತ್ತು. ಆದರೆ ಇನ್ನೊಂದನ್ನು ಹೇಳಲಿಲ್ಲ. ರೊಟ್ಟಿ ನಿಮ್ಮ ಗಂಟಲಲ್ಲಿ ಸಿಕ್ಕಿ ಕೆಮ್ಮುತ್ತಿದ್ದಿರಿ. ನಾನು ಕೊಟ್ಟರೆ ಕುಡಿಯಲಿಕ್ಕಿಲ್ಲ ಎಂದು ನಿಮ್ಮ ಪೈಕಿಯ ಒಬ್ಬ ಹಮಾಲನನ್ನು ಹುಡುಕಿ ಅವನ ತಂಬಿಗೆಯಲ್ಲಿ ನೀರು ಕಳಿಸಿದೆ. ನೀವು ಕುಡಿದಿರಿ. ಅಷ್ಟು ಸಾಕಾಗಿತ್ತು.

ಇನ್ನೊಂದು ಮಾತು. ನೀವು ಎಂದೂ ಕೇಳಲಿಲ್ಲ, ಅವಳಾಗಿ ಹೇಳುವುದಿಲ್ಲ. ಶಾರದಾ ಲಿಂಗ ತೆಗೆದಿಲ್ಲ. ನೀವು ಕಟ್ಟಿಸಿದ ಕರಡಿಗೆಯೇ ಕೊರಳಲ್ಲಿದೆ. ದಿನಾ ಮುಂಜಾನೆ ಪೂಜೆ ಮಾಡಿಯೇ ನೀರು ಕುಡಿಯುತ್ತಾಳೆ. ಗೂಡ್ಸ್ ಶೆಡ್ಡಿನ ಹಿಂದೆ ಒಂದು ಪತ್ರಿಗಿಡವಿದೆ. ರಾತ್ರಿಪಾಳಿ ಮುಗಿಸಿ ಬರುವಾಗ ನಾನೇ ಪತ್ರಿ ಹರಿದು ತರುತ್ತೇನೆ. ನಾನು ಮುಟ್ಟಿದ್ದು ನಡೆಯುತ್ತದೆಯೋ ಇಲ್ಲವೋ ಎಂದು ಮೊದಲ ದಿನ ಕೇಳಿದ್ದೆ. ಅವಳು ನಕ್ಕು ಬಟ್ಟಲು ಮುಂದೆ ಮಾಡಿದಳು.

ನೀಲವ್ವ ಆರಾಮ. ಎಲ್ಲ ಗಾಡಿಗೂ ಕೈ ಮಾಡುತ್ತಾಳೆ.

ಅಳಿಯ ಎಂದು ಬರೆಯಬೇಕೋ ಬೇಡವೋ ತಿಳಿಯದೆ ಬರಿಯ ಹೆಸರು ಬರೆದಿದ್ದೇನೆ.

ಲಕ್ಷ್ಮಪ್ಪ

*

ಬೇಲದಕೊಪ್ಪ
೨೭ ಜನವರಿ ೧೯೭೨

ಶಾರದವ್ವಗೆ, ಅಳಿಯ ಲಕ್ಷ್ಮಪ್ಪನಿಗೆ,

ನಿಮ್ಮ ಕಾಗದ ಬಂದು ತಿಂಗಳಾಯಿತು. ಉತ್ತರ ಕೂಡಲೇ ಬರೆಯಬಹುದಿತ್ತು. ಒಂದು ಕೆಲಸ ಮುಗಿಸಿ ಬರೆಯೋಣ ಎಂದು ತಡೆದೆ.

ಸಂಕ್ರಾಂತಿ ಆದ ಮೇಲೆ ಮುಂಡಗೋಡದ ಬಸ್ಸು ಹತ್ತಿದೆ. ಒಂದು ತೋಳಿನ ಸ್ವೆಟರ್ ಚೀಲದಲ್ಲಿ, ಪಾವು ಶೇರು ಶೇಂಗಾ, ಬುತ್ತಿ. ಮಾಬುಬಿ ಬರುತ್ತೇನೆ ಎಂದಳು, ಬೇಡವೆಂದೆ. ಕ್ಯಾಂಪಿನಲ್ಲಿ ಇಳಿದು ಯಂಕವ್ವ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಾವು ಇಟ್ಟ ಹೆಸರು ನಮ್ಮ ಊರಿನಲ್ಲಿ ಮಾತ್ರ ನಡೆಯುತ್ತಿತ್ತು. ಸ್ವೆಟರ್ ತೆಗೆದು ತೋರಿಸಿದೆ. ಒಬ್ಬ ಮುದುಕಿ ಹೆಣಿಗೆ ನೋಡಿಯೇ ಗುರುತು ಹಿಡಿದು ಕರೆದುಕೊಂಡು ಹೋದಳು.

ಒಬ್ಬ ಮುದುಕ-ಮುದುಕಿಯ ಮನೆಯ ಹಿಂದಿನ ಚಪ್ಪರದಲ್ಲಿ ಇದ್ದಾಳೆ. ನನ್ನನ್ನು ನೋಡಿ ಓಡಿ ಬಂದಳು, ಬಂದವಳು ಎರಡು ಮಾರು ದೂರದಲ್ಲಿ ನಿಂತುಬಿಟ್ಟಳು. "ಬರ್ರಿ ಅವ್ವಾರ," ಎಂದಳು, ನಮ್ಮಲ್ಲಿದ್ದು ಕಲಿತ ನಾಲ್ಕು ಕನ್ನಡ ಮಾತಿನಲ್ಲಿ. ಪಟ್ಟಿಯಲ್ಲಿಲ್ಲದವಳಿಗೆ ಜಾಗ ಕೊಡಬೇಕೋ ಬೇಡವೋ ಎಂದು ಅವರ ಹಿರಿಯರೂ ಕೂಡಿ ಮಾತಾಡಿದರಂತೆ. ಇರುವ ಹೊಲವೇ ಇದ್ದವರಿಗೆ ಸಾಲದು ಎಂದು ಕೆಲವರು ಅಂದರಂತೆ. "ಅಲ್ಲಿ ಭೀ ಕೂಟ, ಇಲ್ಲಿ ಭೀ ಕೂಟ," ಎಂದು ನಕ್ಕಳು. ಇನ್ನೂ ತೀರ್ಮಾನವಾಗಿಲ್ಲ.

ನನ್ನನ್ನು ಕೂಡಿಸಿ ಒಳಗೆ ಹೋದಳು. ಎಲ್ಲಿಂದಲೋ ಹೊಸ ಗಡಿಗೆ ತಂದಳು. ಅಂಗಳದಲ್ಲಿ ಮೂರು ಕಲ್ಲು ಹೂಡಿದಳು. ಹಸಿ ಅಕ್ಕಿ, ಬೇಳೆ, ಕಟ್ಟಿಗೆ ತಂದು ನನ್ನ ಮುಂದೆ ಇಟ್ಟಳು. ಕೊಡ ಕೊಟ್ಟು ಬಾವಿ ತೋರಿಸಿದಳು, ತಾನು ನೀರು ಸೇದಲಿಲ್ಲ. ನಾನು ನನ್ನ ಕೈಯಿಂದಲೇ ಮಾಡಿಕೊಂಡು ಉಣ್ಣಬೇಕಲ್ಲ, ಅದಕ್ಕೆ. ಐದು ತಿಂಗಳು ನಮ್ಮ ಮನೆಯಲ್ಲಿದ್ದು ಅವಳು ಕಲಿತ ವಿದ್ಯೆ ಅದು. ತಪ್ಪಿಲ್ಲದೆ ಕಲಿತಿದ್ದಳು. ಎಲ್ಲ ಇಟ್ಟು ದೂರ ಹೋಗಿ ಮೋರೆ ಆ ಕಡೆ ಮಾಡಿ ಕುಳಿತಳು, ನಾನು ಉಣ್ಣುವುದನ್ನು ನೋಡಬಾರದೆಂದು.

ಶಾರದವ್ವ, ಆ ಮೂರು ಕಲ್ಲಿನ ಮುಂದೆ ಕುಳಿತಾಗ ಲಕ್ಷ್ಮಪ್ಪ ತಂದಿದ್ದ ಹೊಸ ತಾಟು ಕಣ್ಣ ಮುಂದೆ ಬಂದಿತು.

ಎದ್ದು ಒಳಗೆ ಹೋದೆ. ತಗ್ಗು ಬಾಗಿಲು, ತಲೆ ಬಡಿಯಿತು. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. "ಅದನ್ನ ಕೊಡು," ಎಂದೆ. ಯಂಕವ್ವ ಓಡಿ ಬಂದು ಬೇಡ ಬೇಡ ಎಂದು ಕೈ ಆಡಿಸಿದಳು, ತನ್ನ ಕೊರಳಿನ ಡಬ್ಬಿ ತೋರಿಸಿ ಇಲ್ಲ ಎಂದಳು. ಲಿಂಗ ಇಲ್ಲ ಎಂದು ನನಗೇ ನೆನಪು ಮಾಡಿಕೊಡುತ್ತಿದ್ದಳು. ನಾನು ನೆಲದ ಮೇಲೆ ಕುಳಿತುಬಿಟ್ಟೆ. ಕಟ್ಟಿಗೆಯ ಬಟ್ಟಲಲ್ಲಿ ಸುರಿದು ಕೊಟ್ಟಳು. ಚಹಾ, ಆದರೆ ಉಪ್ಪು ಮತ್ತು ಬೆಣ್ಣೆ ಹಾಕಿದ್ದು. ರುಚಿ ಹಿಡಿಸಲಿಲ್ಲ. ಬಟ್ಟಲು ಬರಿದಾಗುವ ತನಕ ಕುಡಿದೆ. ಅವಳು ಮತ್ತೆ ತುಂಬಿದಳು. ಖಾಲಿ ಮಾಡಿದರೆ ತುಂಬುತ್ತಲೇ ಇರುವುದು ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು. ಮೂರು ಬಟ್ಟಲು ಕುಡಿದೆ.

ಸಂಜೆಯ ತನಕ ಕುಳಿತು ಎರಡನೆಯ ತೋಳು ಮುಗಿಸಿಕೊಟ್ಟಳು. ನೀಲವ್ವ ಈ ಐದು ತಿಂಗಳಲ್ಲಿ ಬೆಳೆದಿರಬೇಕು ಎಂದು ದಾರದ ಅಳತೆಗಿಂತ ಎರಡು ಬೆರಳು ಉದ್ದ ಬಿಟ್ಟಿದ್ದಾಳೆ. ಬರುವಾಗ ನನ್ನ ಮನೆಗೆ ಬಾ ಎಂದು ಕರೆದೆ. ಅಡುಗೆಮನೆಗೆ ಎಂದೂ ಹೇಳಿದೆ. ತಲೆ ಆಡಿಸಿದಳು. ಬರುವುದಿಲ್ಲ ಎಂದು ಅವಳ ಕಣ್ಣಿನಲ್ಲಿ ಇತ್ತು.

ಊರಿಗೆ ಬಂದು ಈರಬಸಪ್ಪನಿಗೆ ನಾನೇ ಹೇಳಿದೆ. ಹೇಳದೆ ಇರುವುದು ನನಗೆ ಆಗದು, ಅದು ನಿನಗೆ ಗೊತ್ತು. "ಅವರ ಒಲಿ ಮ್ಯಾಲಿಂದು ಕುಡದು ಬಂದೀನಿ. ಇನ್ನ ಪಾದೋದಕ ಬ್ಯಾಡ. ಪಂಕ್ತಿಯಾಗ ನನ್ನ ಎಲಿ ಹಾಕಬ್ಯಾಡ್ರಿ," ಎಂದೆ. ಅವನು ಹೊಸೆಯುತ್ತಿದ್ದ ಹಗ್ಗವನ್ನು ಕೆಳಗೆ ಇಟ್ಟ. "ನಿನಗ ಯಾರದಾರ ವೈನಿ ಇಲ್ಲಿ, ನಮ್ಮನ್ನ ಬಿಟ್ಟರ?" ಎಂದ. ಸಿಟ್ಟಿನಿಂದ ಅಲ್ಲ. ಈಗ ಓಣಿಯಲ್ಲಿ ಮಾಬುಬಿ ಒಬ್ಬಳೇ ಕಟ್ಟೆಗೆ ಬಂದು ಕೂಡುತ್ತಾಳೆ. ಲಿಂಗಪೂಜೆ ತಪ್ಪಿಸಿಲ್ಲ. ಮೊದಲಿನಂತೆಯೇ ನೀರು ಹಾಕುತ್ತೇನೆ, ಪತ್ರಿ ಏರಿಸುತ್ತೇನೆ. ಅಂಗೈಯ ಮೇಲೆ ಅವನು ಮೊದಲಿನಷ್ಟೇ ಭಾರ ಇದ್ದಾನೆ.

ಬರುವ ಬುಧವಾರ ಧಾರವಾಡದಿಂದ ಮುಂಜಾನೆಯ ಗಾಡಿಗೆ ಹೊರಡುತ್ತೇನೆ. ಸ್ವೆಟರ್ ತರುತ್ತೇನೆ. ಶಾರದವ್ವ, ನೀನು ಒಲ್ಲೆ ಎಂದರೆ ತಪ್ಪಿಲ್ಲ. ಅದನ್ನು ಲಕ್ಷ್ಮಪ್ಪನ ಕೈಯಲ್ಲಿ ಕೊಟ್ಟು ಅದೇ ಕೊನೆಯ ಬೆಂಚಿನ ಮೇಲೆ ಕುಳಿತು, ಮರುಗಾಡಿಗೆ ತಿರುಗಿ ಬರುತ್ತೇನೆ.

ಬುತ್ತಿ ಕಟ್ಟಿಕೊಂಡಿರುವುದಿಲ್ಲ. ಉಂಡು ಬರುವುದಿಲ್ಲ.

ಅವ್ವ